ಬಿಳಿ ಅಕ್ಷರ ಗುಲಾಬಿಯಾದ ಕಥೆ

ಒಮ್ಮೆ ನಿಮ್ಮ ಬೀರು ತೆಗೆದು ಎಣಿಸಿ. ಕಂಪನಿ ಕೊಟ್ಟ ಟೀ ಶರ್ಟು ಎಷ್ಟಿವೆ? ನನ್ನ ಹತ್ರ ಹದಿನೇಳಿವೆ. ಪ್ರಾಜೆಕ್ಟು ಮುಗಿದಿದ್ದಕ್ಕೆ ಒಂದು, ಮುಗೀದೇ ಇದ್ದಾಗ ನಮ್ಮನ್ನ ಹುರಿದುಂಬಿಸೋಕೆ ಒಂದು, ಕೆರೆ ಉಳಿಸೋ ಓಟಕ್ಕೆ ಎರಡು, ಹೀಗೆ. ಮನೆ ಒರೆಸೋಕೆ ಬಟ್ಟೆ ಬೇಕಾದಾಗೆಲ್ಲ ನನ್ನ ಹೆಂಡತಿ ಮೊದಲು ಕೈಹಾಕೋದು ಆ ರಾಶಿಗೇ.

ಹದಿನೆಂಟನೆಯದೂ ಒಂದಿದೆ. ಅದನ್ನ ನಾನು ಹಾಕಲ್ಲ, ಒರೆಸೋಕೂ ಕೊಡಲ್ಲ. ಕೆಂಪು ಬಟ್ಟೆ, ಎದೆ ಮೇಲೆ ಕನ್ನಡದ ಒಂದು ಸಾಲು. ಆ ಸಾಲು ಹಾಲಿನಂಥ ಬಿಳಿ ಇರಬೇಕಿತ್ತು. ಈಗ ಜಾತ್ರೆಯ ಬಾಂಬೆ ಮಿಠಾಯಿಯ ಬಣ್ಣಕ್ಕಿದೆ. ಅಂಥವು ಒಟ್ಟು ಇನ್ನೂರು ಇದ್ದವು. ಬಿಳಿ ಹೇಗೆ ಗುಲಾಬಿ ಆಯ್ತು ಅಂತ ಹುಡುಕಿಕೊಂಡು ಹೋದವನಿಗೆ ಜಪಾನು, ಮ್ಯಾಂಚೆಸ್ಟರ್, ಅಮೆರಿಕ ಎಲ್ಲ ಸುತ್ತಿ ಬರೋ ಹಾಗಾಯ್ತು. ಕೂತಲ್ಲೇ, ರಾತ್ರಿ ಹೊತ್ತು, ಲ್ಯಾಪ್‌ಟಾಪಿನಲ್ಲಿ. ಕೊನೆಗೆ ತಿಪಟೂರಿಗೇ ವಾಪಸ್ ಬಂದೆ, ಯಾಕಂದ್ರೆ ಅಚ್ಚು ಹಾಕಿದವನು ಅಲ್ಲಿನ ನನ್ನ ಅಣ್ಣ.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟು ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿತ. ಆಮೇಲೆ ತಿಪಟೂರಲ್ಲಿ ಸಣ್ಣ ಅಂಗಡಿ ಹಾಕಿದ: ಲಗ್ನಪತ್ರಿಕೆ, ಬಿಲ್ ಬುಕ್, ಬ್ಯಾನರು, ಗಣಪತಿ ಹಬ್ಬ ಬಂದ್ರೆ ಹುಡುಗರ ಟೀ ಶರ್ಟು. ನಾನು ಬಿ.ಇ. ಸೇರಿದಾಗ ಮೊದಲ ವರ್ಷದ ಹಾಸ್ಟೆಲ್ ದುಡ್ಡು ಕಟ್ಟಿದ್ದು ಅವನೇ. ಇದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ಹೇಳಿದ್ರೆ ಸಿನಿಮಾ ಥರ ಆಗುತ್ತೆ.

ತಿಪಟೂರು ಗೊತ್ತಲ್ಲ, ಕೊಬ್ಬರಿ ಊರು. ನಾವು ಚಿಕ್ಕವರಿದ್ದಾಗ ಗೋಣಿಚೀಲದ ಮೇಲೆ ಮಂಡಿಯ ಹೆಸರು ಹಾಕೋಕೆ ತಗಡಿನ ಅಚ್ಚು ಇರ್ತಿತ್ತು. ಅಕ್ಷರದ ಆಕಾರಕ್ಕೆ ತಗಡು ಕತ್ತರಿಸಿ, ಚೀಲದ ಮೇಲಿಟ್ಟು, ಬ್ರಷ್ಷಿನಲ್ಲಿ ಬಣ್ಣ ತಿಕ್ಕಿದ್ರೆ ಆಯ್ತು. ಈಗ ‘ಮಂಡಿ’ ಅನ್ನೋ ಪದವನ್ನ ತಗಡಿನಲ್ಲಿ ಕತ್ತರಿಸಿ ನೋಡಿ. ಸೊನ್ನೆ ಬರ್ತಿದ್ದ ಹಾಗೆ ಸಿಕ್ಕಿಹಾಕ್ಕೊಳ್ತೀರಿ. ಸೊನ್ನೆಯ ಬಳೆಯನ್ನ ಕತ್ತರಿಸಿದ್ರೆ ಅದರ ಒಳಗಿನ ಬಿಲ್ಲೆಗೆ ಆಸರೆಯೇ ಇರಲ್ಲ, ಕಳಚಿ ಬಿದ್ದುಹೋಗುತ್ತೆ. ಉಳಿಯೋದು ಒಂದು ದೊಡ್ಡ ತೂತು. ‘ಠ’ ಆದ್ರಂತೂ ಕೇಳೋದೇ ಬೇಡ, ನಡುವಿನ ಚುಕ್ಕಿ, ಅದರ ಸುತ್ತಲ ಬಯಲು ಎರಡೂ ಹೋಗ್ತವೆ. ನಮ್ಮ ಲಿಪಿ ಇಡೀ ದುಂಡು, ತಗಡಿಗೆ ಹೇಳಿ ಮಾಡಿಸಿದ ವೈರಿ. ಅದಕ್ಕೇ ಅಚ್ಚು ಮಾಡೋರು ಸೊನ್ನೆಗೆ ಎರಡು ಕಡೆ ಸಣ್ಣ ಸೇತುವೆ ಬಿಡ್ತಿದ್ರು. ಚೀಲದ ಮೇಲೆ ಸೊನ್ನೆ ಎರಡು ಹೋಳಾಗಿ ಬೀಳ್ತಿತ್ತು, ಯಾರೋ ಬಳೆ ಮುರಿದು ಇಟ್ಟ ಹಾಗೆ.

ಸ್ಕ್ರೀನ್ ಪ್ರಿಂಟಿಂಗಿನ ಇತಿಹಾಸ ಅಂದ್ರೆ ಮುಕ್ಕಾಲು ಪಾಲು ಈ ಬಿಲ್ಲೆ ಬೀಳದ ಹಾಗೆ ನೋಡಿಕೊಂಡ ಇತಿಹಾಸವೇ.

ಜಪಾನಿನ ಇಸೆ ಪ್ರಾಂತ್ಯದಲ್ಲಿ, ಈಗಿನ ಸುಜುಕಾ ಊರಿನ ಆಸುಪಾಸು, ಕಿಮೊನೊ ಬಟ್ಟೆಗೆ ಚಿತ್ತಾರ ಹಾಕೋಕೆ ಕಾಗದದ ಅಚ್ಚು ಕೊರೀತಿದ್ರು. ಕಟಗಾಮಿ ಅಂತ ಹೆಸರು. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದಕ್ಕೆ ಪರ್ಸಿಮನ್ ಕಾಯಿಯ ರಸ ಬಳಿದು, ಪದರ ಪದರ ಅಂಟಿಸಿ ಗಟ್ಟಿ ಮಾಡೋರು. ಅದರ ಮೇಲೆ ಎಷ್ಟು ನವಿರಾಗಿ ಕೊರೀತಿದ್ರು ಅಂದ್ರೆ ಬೆಳಕಿಗೆ ಹಿಡಿದ್ರೆ ಜರಡಿ ಥರ ಕಾಣುತ್ತೆ. ಕಳಚಿ ಬೀಳೋ ಚೂರುಗಳನ್ನ ಹಿಡಿದಿಡೋಕೆ ಅವರು ಕಂಡುಕೊಂಡ ಉಪಾಯ ಇದು: ಒಂದೇ ಥರ ಕೊರೆದ ಎರಡು ಹಾಳೆಯ ನಡುವೆ ರೇಷ್ಮೆ ಎಳೆಗಳನ್ನ ಬಿಗಿಯಾಗಿ ಎಳೆದು ಅಂಟಿಸಿಬಿಡೋದು. ಎಳೆ ಎಷ್ಟು ಸಣ್ಣ ಅಂದ್ರೆ ಬಣ್ಣ ಅದರ ಆಚೀಚೆಯಿಂದ ಹರಿದು ಕೂಡಿಕೊಳ್ಳುತ್ತೆ, ಬಟ್ಟೆ ಮೇಲೆ ಎಳೆಯ ಗುರುತೇ ಬೀಳಲ್ಲ. 19ನೇ ಶತಮಾನದ ನಡುವಿನಲ್ಲಿ ಜಪಾನಿನ ಬಾಗಿಲು ತೆರೆದ ಮೇಲೆ ಈ ಕಾಗದದ ಅಚ್ಚುಗಳು ಯುರೋಪಿನ ಮ್ಯೂಸಿಯಮ್ಮುಗಳಿಗೆ ಕಂತೆಗಟ್ಟಲೆ ಹೋದವು.

ಒಂದೊಂದೇ ಎಳೆ ಯಾಕೆ ಎಳೀತೀರಿ, ಇಡೀ ರೇಷ್ಮೆ ಬಟ್ಟೆಯನ್ನೇ ಚೌಕಟ್ಟಿಗೆ ಬಿಗಿದು, ಬೇಡದ ಕಡೆ ತೂತು ಮುಚ್ಚಿದ್ರೆ ಸಾಲದೇ? ಹಾಗಂತ ಪೇಟೆಂಟು ತಗೊಂಡವನು ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್, 1907ರಲ್ಲಿ. ಅದಕ್ಕೆ ಬಳಸಿದ ರೇಷ್ಮೆಯೂ ಸೀರೆಯದಲ್ಲ, ಹಿಟ್ಟಿನ ಗಿರಣಿಗಳಲ್ಲಿ ಹಿಟ್ಟು ಸಾಣಿಸೋಕೆ ನೇಯ್ತಿದ್ದ ಜಾಳು ಬಟ್ಟೆಯ ಜಾತಿ. ಆಮೇಲೆ ತೂತು ಮುಚ್ಚೋ ಕೆಲಸವನ್ನ ಬೆಳಕಿಗೇ ವಹಿಸಿದ್ರು. ಬೈಕ್ರೋಮೇಟ್ ಬೆರೆಸಿದ ಅಂಟು ಬಿಸಿಲಿಗೆ ಬಿದ್ರೆ ಗಟ್ಟಿಯಾಗುತ್ತೆ, ನೆರಳಲ್ಲಿದ್ದದ್ದು ನೀರಿಗೆ ತೊಳೆದುಹೋಗುತ್ತೆ. ಬೈಕ್ರೋಮೇಟು ಬೆಳಕಿಗೆ ಬಿದ್ರೆ ಬದಲಾಗುತ್ತೆ ಅನ್ನೋದನ್ನ ಸ್ಕಾಟ್ಲೆಂಡಿನ ಮಂಗೋ ಪಾಂಟನ್ 1839ರಲ್ಲೇ ಗಮನಿಸಿದ್ದ. ಅಣ್ಣ ಶುರುವಿನಲ್ಲಿ ಸ್ಕ್ರೀನು ಮಾಡ್ತಿದ್ದದ್ದೂ ಹೀಗೇ, ತಾರಸಿ ಮೇಲೆ, ಬಿಸಿಲಲ್ಲಿ, ಗಾಜಿನ ಕೆಳಗಿಟ್ಟು. ಮೋಡ ಮುಚ್ಚಿದ ದಿನ ಅಂಗಡಿಗೆ ರಜ.

ಟೀ ಶರ್ಟಿನ ಮೇಲೆ ಬರೆಯೋ ಚಟ ಅಂಟಿಸಿದ್ದು ಅಮೆರಿಕನ್ನರು. ಅದು ಮೊದಲು ನೌಕಾಪಡೆಯವರ ಒಳಬನಿಯನ್ನು. 1948ರ ಅಧ್ಯಕ್ಷೀಯ ಚುನಾವಣೆಗೆ ಥಾಮಸ್ ಡ್ಯೂಯಿ ಪರವಾಗಿ ಅಚ್ಚು ಹಾಕಿದ ಒಂದು ಟೀ ಶರ್ಟು ಇವತ್ತಿಗೂ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಡ್ಯೂಯಿ ಸೋತ, ಟೀ ಶರ್ಟು ಗೆದ್ದಿತು. 1962ರಲ್ಲಿ ಆಂಡಿ ವಾರ್ಹೋಲ್ ಇದೇ ಸ್ಕ್ರೀನಿನಲ್ಲಿ ಮರ್ಲಿನ್ ಮನ್ರೋ ಮುಖ ಒತ್ತಿ ಒತ್ತಿ ಕಲೆ ಅಂತ ಮಾರಿದ. ನಮ್ಮಣ್ಣ ಇದೇ ಕೆಲಸಕ್ಕೆ ಪೀಸಿಗೆ ಹನ್ನೆರಡು ರೂಪಾಯಿ ತಗೋತಾನೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಏಳೆಂಟು ವರ್ಷದ ಹಿಂದೆ ಆಫೀಸಿನ ಕನ್ನಡ ಬಳಗದಿಂದ ರಾಜ್ಯೋತ್ಸವಕ್ಕೆ ಟೀ ಶರ್ಟು ಮಾಡಿಸೋಣ ಅಂತ ಮಾತಾಯ್ತು. ನಾನು ಉತ್ಸಾಹದಲ್ಲಿ ಜವಾಬ್ದಾರಿ ಹೊತ್ತೆ. ಅಣ್ಣನ ಅಂಗಡಿಗೆ ಇಷ್ಟು ದೊಡ್ಡ ಆರ್ಡರ್ ಬಂದಿರಲಿಲ್ಲ, ಹಾಸ್ಟೆಲ್ ದುಡ್ಡಿನ ಋಣ ಹೀಗಾದ್ರೂ ತೀರಲಿ ಅನ್ನೋ ಆಸೆ. ನಾವು ಎಂಜಿನಿಯರುಗಳು ರಿಕ್ವೈರ್‌ಮೆಂಟು ಬರೆಯೋದ್ರಲ್ಲಿ ಪಂಡಿತರಲ್ವಾ, ನಾನೂ ಬರೆದೆ. ಬಣ್ಣ ಕುಂಕುಮದ ಕೆಂಪು. ಅಕ್ಷರ ಬಿಳಿ, ಅಡಿಗೆ ಹಳದಿ ಗೆರೆ. ಇಂಕಿನಲ್ಲಿ ಪಿವಿಸಿ ಇರಕೂಡದು, ನೀರಿನ ಇಂಕೇ ಆಗಬೇಕು, ಯಾಕಂದ್ರೆ ಆಫೀಸಿನಲ್ಲಿ ಪರಿಸರದ ಬಗ್ಗೆ ದಿನಾ ಒಂದು ಮೇಲ್ ಬರ್ತಿತ್ತು. ಬಜೆಟ್ ಕಮ್ಮಿ. ಬೆಂಗಳೂರಲ್ಲಿ ಒಬ್ಬ ಸಪ್ಲೈಯರ್ ಹತ್ರ ಶರ್ಟು ನೂರೈವತ್ತಕ್ಕೆ ಸಿಕ್ತು. ಅಣ್ಣ ದುಡ್ಡು ಹಾಕಿದ, ನಾನು ಬಸ್ಸಿಗೆ ಪಾರ್ಸಲ್ ಹಾಕಿದೆ.

ಫೋನ್ ಮಾಡಿ ಅಣ್ಣ ಕೇಳಿದ್ದು ಒಂದೇ ಮಾತು. “ಕಾಟನ್ನೇ ತಾನೇ?”

“ಹೂಂ ಅಣ್ಣ, ಕಾಟನ್ನೇ.”

ಕಾಲರ್ ಹತ್ರ ಸಣ್ಣ ಚೀಟಿ ಇತ್ತು. ನಾನು ಓದಿರಲಿಲ್ಲ.

ನೀರಿನ ಇಂಕು ಅಂದ್ರೆ ಹೊಸ ಪರಿಸರಸ್ನೇಹಿ ಆವಿಷ್ಕಾರ ಅಂತ ನಾನು ಅಂದ್ಕೊಂಡಿದ್ದೆ. ಅಸಲಿಗೆ ಅದೇ ಹಳೇದು. ನಮ್ಮ ಮಚಲೀಪಟ್ಟಣದ ಕಲಂಕಾರಿ, ರಾಜಸ್ಥಾನದ ಛೀಪಾಗಳ ಮರದ ಅಚ್ಚು, ಜಪಾನಿನ ಅಕ್ಕಿ ಗಂಜಿ ಎಲ್ಲವೂ ನೀರಿನ ಕೆಲಸವೇ. ಹೊಸದು ಅಂದ್ರೆ ಪ್ಲಾಸ್ಟಿಸಾಲ್. 1926ರಲ್ಲಿ ಅಮೆರಿಕದ ಗುಡ್‌ರಿಚ್ ರಬ್ಬರ್ ಕಂಪನಿಯಲ್ಲಿ ವಾಲ್ಡೊ ಸೆಮನ್ ಅನ್ನೋ ವಿಜ್ಞಾನಿ ಲೋಹಕ್ಕೆ ರಬ್ಬರ್ ಅಂಟಿಸೋ ಗೋಂದು ಹುಡುಕ್ತಿದ್ದ. ಆಗ ಕೆಲಸಕ್ಕೆ ಬಾರದ ಪಿವಿಸಿಯನ್ನ ಎಣ್ಣೆಯಂಥ ದ್ರವದಲ್ಲಿ ಕಾಯಿಸಿದಾಗ ಅದು ಬಾಗೋ, ಬಳುಕೋ ವಸ್ತು ಆಯ್ತು. ಪಿವಿಸಿಯ ಪುಡಿಯನ್ನ ಅಂಥ ದ್ರವದಲ್ಲಿ ಕಲಸಿಟ್ಟ ಹಿಟ್ಟೇ ಪ್ಲಾಸ್ಟಿಸಾಲ್ ಇಂಕು.

ಅಚ್ಚು ಹಾಕೋರಿಗೆ ಅದು ದೇವರು ಕೊಟ್ಟ ವರ. ಅದು ಒಣಗೋದೇ ಇಲ್ಲ. ಸ್ಕ್ರೀನಿನ ಮೇಲೆ ಇಂಕು ಹಾಗೇ ಬಿಟ್ಟು ಊಟಕ್ಕೆ ಹೋಗಿ, ನಿದ್ದೆ ಮಾಡಿ ಬನ್ನಿ, ಇದ್ದ ಹಾಗೇ ಇರುತ್ತೆ. 160 ಡಿಗ್ರಿ ಮುಟ್ಟಿಸಿದ ಗಳಿಗೆಯಲ್ಲಿ ಪುಡಿಯೂ ದ್ರವವೂ ಕೂಡಿ ಒಂದೇ ಹಾಳೆ ಆಗುತ್ತೆ. ನೀರಿನ ಇಂಕು ಹಾಗಲ್ಲ. ಏಪ್ರಿಲ್ ತಿಂಗಳ ತಿಪಟೂರಿನ ಸೆಕೆಯಲ್ಲಿ ಎರಡು ನಿಮಿಷ ಕೈ ನಿಲ್ಲಿಸಿದ್ರೆ ತೂತಿನಲ್ಲೇ ಒಣಗಿ ಕೂತುಬಿಡುತ್ತೆ. ಅಣ್ಣ ಪಕ್ಕದಲ್ಲಿ ನೀರು ಚಿಮುಕಿಸೋ ಬಾಟಲಿ ಇಟ್ಕೊಂಡೇ ಕೆಲಸ ಮಾಡೋದು, ಇಸ್ತ್ರಿ ಅಂಗಡಿಯವರ ಥರ. 1960ರ ದಶಕದ ಕೊನೆಗೆ ಅಮೆರಿಕದ ಮೈಕೆಲ್ ವ್ಯಾಸಿಲಂಟೋನ್ ಸುತ್ತ ತಿರುಗೋ ಹಲವು ಬಣ್ಣದ ಅಚ್ಚಿನ ಯಂತ್ರಕ್ಕೆ ಪೇಟೆಂಟು ಪಡೆದ ಮೇಲೆ ಟೀ ಶರ್ಟಿನ ವ್ಯಾಪಾರ ಬೆಂಕಿ ಹತ್ತಿದ ಹಾಗೆ ಹಬ್ಬಿತು. ಆ ವ್ಯಾಪಾರ ನಿಂತಿದ್ದದ್ದು ಒಣಗದ ಈ ಇಂಕಿನ ಮೇಲೆ.

ತೊಂದರೆ ಏನಂದ್ರೆ ಅದರೊಳಗಿನ ದ್ರವ. ಬಹಳ ಕಾಲ ಅದಕ್ಕೆ ಬಳಸಿದ್ದು ಥಾಲೇಟ್ ಜಾತಿಯ ರಾಸಾಯನಿಕ. ಮಕ್ಕಳು ಬಾಯಿಗೆ ಹಾಕೋ ವಸ್ತುಗಳಲ್ಲಿ ಅದು ಇರಬಾರದು ಅಂತ ಕೂಗೆದ್ದು, 2008ರಲ್ಲಿ ಅಮೆರಿಕದ ಕಾನೂನು ಮಕ್ಕಳ ಸಾಮಾನಿನಲ್ಲಿ ಕೆಲವು ಥಾಲೇಟುಗಳಿಗೆ ಶೇ. 0.1ರ ಮಿತಿ ಹಾಕಿತು. 2011ರಿಂದ ಗ್ರೀನ್‌ಪೀಸಿನವರು ದೊಡ್ಡ ದೊಡ್ಡ ಬಟ್ಟೆ ಬ್ರಾಂಡುಗಳ ಬೆನ್ನು ಬಿದ್ದರು. ನಮ್ಮ ಆಫೀಸಿನ ಮೇಲು, ನನ್ನ ರಿಕ್ವೈರ್‌ಮೆಂಟು, ಎಲ್ಲ ಈ ಗಾಳಿಯ ಬಾಲವೇ.

ಇಲ್ಲಿ ಒಂದು ಮಾತು ಹೇಳದೇ ಇರೋಕಾಗಲ್ಲ. ನೀರಿನದು ಅಂದ ತಕ್ಷಣ ಶುದ್ಧ ಅಂತ ನಂಬೋದು ನಮ್ಮ ನಗರದವರ ಭೋಳೇತನ. ಪ್ಲಾಸ್ಟಿಸಾಲ್ ಸ್ಕ್ರೀನನ್ನ ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸ್ತಾರೆ, ನೀರಿನ ಇಂಕನ್ನ ನಲ್ಲಿ ಕೆಳಗೆ ತೊಳೀತಾರೆ. ತೊಳೆದ ನೀರು ಎಲ್ಲಿಗೆ ಹೋಗುತ್ತೆ? ನಿಮ್ಮ ಟೀ ಶರ್ಟಿನ ತವರು ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಬಣ್ಣದ ಕಾಲುವೆಯಾಗಿ ಹರಿದು, ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೆಳೆಗೂ ಬಾರದ ಹಾಗಾಗಿ, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಏಳುನೂರಕ್ಕೂ ಹೆಚ್ಚು ಡೈಯಿಂಗ್, ಬ್ಲೀಚಿಂಗ್ ಘಟಕಗಳಿಗೆ ಬೀಗ ಹಾಕಿಸಿತು. ಅದೂ ನೀರಿನ ಕೆಲಸವೇ.

ಇರಲಿ, ಕಾಲರಿನ ಚೀಟಿಗೆ ಬರೋಣ. ಅದರಲ್ಲಿ ಬರೆದಿತ್ತು: ಕಾಟನ್ 60, ಪಾಲಿಯೆಸ್ಟರ್ 40.

ಪಾಲಿಯೆಸ್ಟರಿನ ಕಥೆ ಶುರುವಾಗೋದು ಕೇರಳದ ಕೋಳಿಕ್ಕೋಡಿನಿಂದ ಅಂದ್ರೆ ನಂಬ್ತೀರಾ? ಕಲ್ಲಿಕೋಟೆ, ಅಂದ್ರೆ ಬ್ರಿಟಿಷರ ಕ್ಯಾಲಿಕಟ್. ಅಲ್ಲಿಂದ ಹೋದ ಹತ್ತಿ ಬಟ್ಟೆಗೆ ಅವರು ಇಟ್ಟ ಹೆಸರು ಕ್ಯಾಲಿಕೊ. ನಮ್ಮ ಅಚ್ಚಿನ ಬಟ್ಟೆಗೆ ಅಲ್ಲಿ ಎಂಥ ಹುಚ್ಚು ಹಿಡೀತು ಅಂದ್ರೆ, ತಮ್ಮ ನೇಕಾರರು ದಂಗೆ ಎದ್ದಾಗ ಇಂಗ್ಲೆಂಡಿನ ಸಂಸತ್ತು 1700 ಮತ್ತು 1721ರಲ್ಲಿ ಕಾನೂನು ತಂದು ಅದನ್ನ ತಡೀಬೇಕಾಯ್ತು. ಆಮೇಲೆ ಅವರೇ ಅಚ್ಚು ಹಾಕೋದು ಕಲಿತರು, ಯಂತ್ರ ತಂದರು, ಲೋಕಕ್ಕೇ ಮಾರಿದರು. 1899ರಲ್ಲಿ ಮ್ಯಾಂಚೆಸ್ಟರಿನ ಸುತ್ತಲಿನ ಅಚ್ಚಿನ ಕಂಪನಿಗಳೆಲ್ಲ ಸೇರಿ ಒಂದು ಸಂಸ್ಥೆ ಆದವು, ಅದರ ಹೆಸರು ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್. ಅದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡ್ತಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ 1941ರಲ್ಲಿ ಎಳೆ ತೆಗೀಬಹುದಾದ ಪಾಲಿಯೆಸ್ಟರ್ ಕಂಡುಹಿಡಿದು ಪೇಟೆಂಟಿಗೆ ಅರ್ಜಿ ಹಾಕಿದರು. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಕರೋದರ್ಸ್ ಈ ದಾರಿಯಲ್ಲಿ ಸ್ವಲ್ಪ ದೂರ ನಡೆದು, ನೈಲಾನಿನ ಕಡೆ ತಿರುಗಿಬಿಟ್ಟಿದ್ದ. ಅವನು ಬಿಟ್ಟ ಕಡೆಯಿಂದ ಇವರು ಹಿಡಿದರು. ಇಂಗ್ಲೆಂಡಿನಲ್ಲಿ ಅದು ಟೆರಿಲಿನ್ ಆಯ್ತು, ಅಮೆರಿಕದಲ್ಲಿ ಡೇಕ್ರಾನ್.

ನಮ್ಮೂರಲ್ಲಿ ಅದು ‘ಟೆರಿಕಾಟ್’. ಹತ್ತಿಯ ಜೊತೆ ಬೆರೆಸಿದ್ದು. ನಮ್ಮಪ್ಪನ ಹತ್ರ ಒಂದೇ ಒಂದು ಟೆರಿಕಾಟ್ ಶರ್ಟಿತ್ತು, ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟಿರ್ತಿದ್ರು. ಮದುವೆಗೆ, ಮುಂಜಿಗೆ, ಬ್ಯಾಂಕಿನ ಮ್ಯಾನೇಜರನ್ನ ನೋಡೋಕೆ ಹೋಗುವಾಗ ಅದು ಹೊರಗೆ ಬರ್ತಿತ್ತು. ಸುಕ್ಕಾಗಲ್ಲ, ಕುಗ್ಗಲ್ಲ, ಹರಿಯಲ್ಲ. ಈಗ ಕಾಲ ತಿರುಗಿ, ದುಡ್ಡಿದ್ದೋರು ಶುದ್ಧ ಹತ್ತಿ ಹುಡುಕ್ತಾರೆ. ಪಾಲಿಯೆಸ್ಟರು ಪುಕ್ಕಟೆ ಟೀ ಶರ್ಟಿನ ಪಾಲಾಗಿದೆ. ತಮಾಷೆ ಅಂದ್ರೆ ಸೈಮನ್ನನ ರೇಷ್ಮೆಯೂ ಈಗಿಲ್ಲ, ಸ್ಕ್ರೀನಿನ ಜಾಳು ಬಟ್ಟೆಯೇ ಪಾಲಿಯೆಸ್ಟರು. ನೀರು ಕುಡಿಯಲ್ಲ, ಸಡಿಲ ಆಗಲ್ಲ ಅಂತ ಅದನ್ನ ಆರಿಸಿಕೊಂಡದ್ದು.

ನೀರು ಕುಡಿಯಲ್ಲ ಅನ್ನೋದೇ ಇಲ್ಲಿ ತಕರಾರು. ಮಾಮೂಲಿ ಗಾಳಿಯಲ್ಲಿಟ್ಟ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತೆ, ಪಾಲಿಯೆಸ್ಟರು ಅರ್ಧ ಶೇಕಡಾವೂ ಇಲ್ಲ. ಹತ್ತಿಗೆ ಬಣ್ಣ ಕಟ್ಟೋಕೆ ನೀರಿನಲ್ಲಿ ಕರಗೋ ರಿಯಾಕ್ಟಿವ್ ಡೈಗಳಿವೆ. ಬಣ್ಣದ ಅಣು ಹತ್ತಿಯ ಅಣುವಿಗೇ ಬೆಸುಗೆ ಆಗುತ್ತೆ. ಇದನ್ನ ಐಸಿಐ ಕಂಪನಿ ಮಾರುಕಟ್ಟೆಗೆ ತಂದದ್ದು 1956ರಲ್ಲಿ, ರಾಟೀ ಮತ್ತು ಸ್ಟೀಫನ್ ಅನ್ನೋ ಇಬ್ಬರ ಕೆಲಸ ಅದು, ಪ್ರಯೋಗಶಾಲೆ ಇದ್ದದ್ದು ಮತ್ತೆ ಮ್ಯಾಂಚೆಸ್ಟರಿನಲ್ಲೇ. ಸ್ಕ್ರೀನು, ಪಾಲಿಯೆಸ್ಟರು, ಹತ್ತಿಯ ಬಣ್ಣ, ಮೂರಕ್ಕೂ ಒಂದೇ ಊರಿನ ಆಸುಪಾಸು! ಅಣ್ಣನ ಮೂವತ್ತು ಸಾವಿರ ಮುಳುಗಿಸೋಕೆ ಇಡೀ ಮ್ಯಾಂಚೆಸ್ಟರ್ ಸೇರಿ ಕೆಲಸ ಮಾಡಿತ್ತು ಅಂತ ಒಂದು ರಾತ್ರಿ ನನಗೆ ಅನ್ನಿಸಿದ್ದುಂಟು.

ಪಾಲಿಯೆಸ್ಟರಿಗೆ ಈ ಡೈ ಹತ್ತಲ್ಲ. ಅದಕ್ಕೆ ಬೇರೆ ಜಾತಿ, ಡಿಸ್ಪರ್ಸ್ ಡೈ, 1920ರ ದಶಕದಲ್ಲಿ ಅಸಿಟೇಟ್ ಬಟ್ಟೆಗಾಗಿ ಹುಟ್ಟಿದ್ದು. ನೀರಿನಲ್ಲಿ ಕರಗಲ್ಲ, ಪ್ಲಾಸ್ಟಿಕ್ಕಿನಲ್ಲಿ ಕರಗುತ್ತೆ. ನಿಮ್ಮ ಊಟದ ಪ್ಲಾಸ್ಟಿಕ್ ಡಬ್ಬಿಗೆ ಬಿಸಿ ಸಾಂಬಾರು ಹಾಕಿಡಿ, ಅರಿಶಿನದ ಕಲೆ ಎಷ್ಟು ತಿಕ್ಕಿದ್ರೂ ಹೋಗಲ್ಲ. ಅಲ್ಲಿ ಆಗೋದೂ ಇದೇ, ಬಣ್ಣ ಪ್ಲಾಸ್ಟಿಕ್ಕಿನ ಒಳಗೇ ಹೋಗಿ ಸೇರಿಕೊಳ್ಳುತ್ತೆ. ಪಾಲಿಯೆಸ್ಟರು 70-80 ಡಿಗ್ರಿ ದಾಟಿದ್ರೆ ಒಳಗಿನ ಅಣುಗಳ ಸರಪಳಿ ಸಡಿಲ ಆಗುತ್ತೆ. ಅದಕ್ಕೇ ಒತ್ತಡದಲ್ಲಿ, 130 ಡಿಗ್ರಿಗೆ ಕಾಯಿಸಿ ಬಣ್ಣ ಕಟ್ಟೋದು. ತಣ್ಣಗಾದಾಗ ಬಾಗಿಲು ಮುಚ್ಚಿ ಬಣ್ಣ ಒಳಗೇ ಬಂದಿ. ಬೆರಕೆ ಬಟ್ಟೆಗೆ ಎರಡೂ ಬಣ್ಣ ಬೇಕು, ಹತ್ತಿಗೊಂದು ಕೆಂಪು, ಪಾಲಿಯೆಸ್ಟರಿಗೊಂದು ಕೆಂಪು, ಕಣ್ಣಿಗೆ ಒಂದೇ ಕಾಣೋ ಹಾಗೆ.

ಬಿಸಿ ತಾಗಿ ಒಳಗೆ ಹೋದದ್ದು ಬಿಸಿ ತಾಗಿದ್ರೆ ಹೊರಗೂ ಬರುತ್ತೆ. ಮೇಲಾಗಿ ಈ ಡೈಗಳಿಗೆ ಕರ್ಪೂರದ, ಅಪ್ಪನ ಟ್ರಂಕಿನ ನುಸಿಗುಳಿಗೆಯ ಗುಣ ಇದೆ. ದ್ರವ ಆಗದೇ ನೇರ ಆವಿ ಆಗೋ ಗುಣ. ಬಟ್ಟೆಯ ಮೇಲೆ ಫೋಟೋ ಮೂಡಿಸೋ ಸಬ್ಲಿಮೇಷನ್ ಪ್ರಿಂಟು, ಹುಟ್ಟುಹಬ್ಬಕ್ಕೆ ಕೊಡೋ ಫೋಟೋ ಮಗ್ಗು, ಕ್ರಿಕೆಟ್ ಜೆರ್ಸಿ ಎಲ್ಲ ನಡೆಯೋದು ಈ ಗುಣದಿಂದಲೇ. ಒಬ್ಬರ ಧಂಧೆಗೆ ಬಂಡವಾಳ ಆದದ್ದು ಇನ್ನೊಬ್ಬರ ಧಂಧೆಗೆ ಕೊಳ್ಳಿ.

ಅಣ್ಣ ಬಳಸಿದ್ದು ನಮ್ಮ ಪೇಟೆಯಲ್ಲಿ ‘ಖಾದಿ’ ಅಂತ ಕರೆಯೋ ಬಿಳಿ. ಖಾದಿ ಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ. ಗಾಢ ಬಣ್ಣದ ಬಟ್ಟೆ ಮುಚ್ಚೋಕೆ ಟೈಟಾನಿಯಂ ಡೈಆಕ್ಸೈಡ್ ತುಂಬಿ, ಬೈಂಡರ್ ಹಾಕಿ ಕಲಸಿದ ನೀರಿನ ಇಂಕದು. ಬೈಂಡರ್ ಗಟ್ಟಿಯಾಗೋಕೆ 150 ಡಿಗ್ರಿಯ ಹತ್ರ ಎರಡು ಮೂರು ನಿಮಿಷ ಬೇಕು. ಆದ್ರೆ ಅದರೊಳಗೆ ನೀರಿದೆಯಲ್ಲ. ಒಂದು ಗ್ರಾಂ ನೀರನ್ನ 25ರಿಂದ 100 ಡಿಗ್ರಿಗೆ ತರೋಕೆ ಸುಮಾರು 314 ಜೂಲ್ ಶಾಖ ಸಾಕು, ಅದೇ ನೀರನ್ನ ಆವಿ ಮಾಡೋಕೆ ಸುಮಾರು 2,260 ಜೂಲ್ ಬೇಕು. ಇಡ್ಲಿ ಪಾತ್ರೆಯಲ್ಲಿ ನೀರಿರೋವರೆಗೂ ತಳ ಸೀಯಲ್ವಲ್ಲ, ಹಾಗೆ. ನೀರು ಪೂರ್ತಿ ಹೋಗೋವರೆಗೂ ಇಂಕು 100 ಡಿಗ್ರಿಯ ಹತ್ರವೇ ಮೊಂಡು ಹಿಡಿದು ಕೂರುತ್ತೆ, ಆಮೇಲಷ್ಟೇ ಬೇಯೋಕೆ ಶುರು. ಪ್ಲಾಸ್ಟಿಸಾಲಿಗೆ ಒಂದು ಗಳಿಗೆ ಸಾಕಾಗೋ ಕಡೆ ಇದಕ್ಕೆ ನಿಮಿಷಗಟ್ಟಲೆ ಕಾಯಿಸಬೇಕು. ಅಷ್ಟು ಹೊತ್ತೂ ಕೆಳಗಿನ ಪಾಲಿಯೆಸ್ಟರಿನ ಬಾಗಿಲು ತೆರೆದೇ ಇರುತ್ತೆ. ಒಗೆದ್ರೆ ಅಕ್ಷರ ಎದ್ದುಬಂದು ತಮ್ಮನಿಗೆ ಆಫೀಸಿನಲ್ಲಿ ಅವಮಾನ ಆಗಬಾರದು ಅಂತ ಅಣ್ಣ ಇನ್ನೂ ಒಂದು ನಿಮಿಷ ಹೆಚ್ಚಿಗೇ ಹೀಟ್ ಪ್ರೆಸ್ ಒತ್ತಿದ್ದ. ಆಮೇಲೆ ಬಿಸಿ ಬಿಸಿ ಇದ್ದಾಗಲೇ ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಡಬ್ಬದಲ್ಲಿ ಒತ್ತಿ ತುಂಬಿದ. ಬಿಸಿ ಒಳಗೇ ಉಳೀತು. ಕೆಂಪು ನಿಧಾನಕ್ಕೆ ಮೇಲೆ ಬಂತು.

ಎಲ್ಲ ಬಣ್ಣಗಳಲ್ಲೂ ಕೆಂಪೇ ಹೀಗೆ ಓಡೋದ್ರಲ್ಲಿ ಹೆಸರುವಾಸಿ ಅಂತ ಆಮೇಲೆ ಓದಿದೆ. ರಾಜ್ಯೋತ್ಸವಕ್ಕೆ ಬೇರೆ ಯಾವ ಬಣ್ಣ ಹೇಳ್ತೀರಿ?

ಅಚ್ಚು ಮುಗಿದ ರಾತ್ರಿ ಅಣ್ಣ ಫೋಟೋ ಕಳಿಸಿದ್ದ, ಬಿಳಿ ಅಂದ್ರೆ ಬಿಳಿ, ಮಲ್ಲಿಗೆ. ಎರಡು ದಿನ ಬಿಟ್ಟು ಆಫೀಸಿನಲ್ಲಿ ಡಬ್ಬ ಒಡೆದಾಗ ಇನ್ನೂರೂ ಗುಲಾಬಿ. ಒಬ್ಬಳು “ಚೆನ್ನಾಗಿದೆ, ಪಿಂಕ್ ಯಾರ ಐಡಿಯಾ?” ಅಂತ ಕೇಳಿದಳು. ಖರೀದಿ ವಿಭಾಗದವರು ಅಷ್ಟು ರಸಿಕರಾಗಿರಲಿಲ್ಲ. ಸ್ಯಾಂಪಲಿನ ಫೋಟೋಗೂ ಮಾಲಿಗೂ ಹೊಂದಿಕೆ ಇಲ್ಲ, ಬಿಲ್ ಪಾಸಾಗಲ್ಲ ಅಂದರು. ಅವರ ಮಾತು ತಪ್ಪೂ ಅಲ್ಲ. ನವೆಂಬರ್ ಒಂದಕ್ಕೆ ನಾಲ್ಕೇ ದಿನ ಉಳಿದಿತ್ತು.

ಅಣ್ಣನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, “ಒಂದು ಶರ್ಟು ಬಸ್ಸಿಗೆ ಹಾಕು, ನೋಡ್ತೀನಿ” ಅಂದ. ಮರುದಿನ ಚೀಟಿಯ ಹಣ ಎತ್ತಿ ಹೊಸದಾಗಿ ಕಾಟನ್ ಶರ್ಟು ತರಿಸಿ, ಅವನೂ ಅತ್ತಿಗೆಯೂ ಎರಡು ರಾತ್ರಿ ಎದ್ದಿದ್ದು ಮತ್ತೆ ಅಚ್ಚು ಹಾಕಿ ಕಳಿಸಿದರು. ಎರಡನೇ ಸಲದ್ದಕ್ಕೆ ಬಿಲ್ ಆಯ್ತು, ಮೊದಲನೇ ಸಲದ ಮೂವತ್ತು ಸಾವಿರ ಹೋಯ್ತು. ನಾನು ಕೊಡ್ತೀನಿ ಅಂದ್ರೆ “ನೀನ್ಯಾಕ್ಲಾ ಕೊಡ್ತೀಯ, ಅಚ್ಚು ಹಾಕಿದ್ದು ನಾನು ತಾನೇ” ಅಂದುಬಿಟ್ಟ. ಕಾಲರಿನ ಚೀಟಿಯ ವಿಷಯ ನನ್ನ ಬಾಯಿಂದ ಬರಲಿಲ್ಲ. ಆ ಹೊತ್ತಿಗೆ ನಾನು ಅದನ್ನ ಓದಿದ್ದೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಬೈಂಡರಿಗೆ ಫಿಕ್ಸರ್ ಬೆರೆಸಿದ್ರೆ ಕಮ್ಮಿ ಬಿಸಿಯಲ್ಲೇ ಗಟ್ಟಿಯಾಗೋ ಇಂಕುಗಳಿವೆ. ಬಿಳಿಯ ಅಡಿಗೆ ಮೊದಲು ಇದ್ದಿಲಿನ ಪುಡಿ ಸೇರಿಸಿದ ಬೂದು ಬಣ್ಣದ ಒಂದು ಪದರ ಒತ್ತೋದುಂಟು. ನೀರಿನ ಫಿಲ್ಟರಿನಲ್ಲಿ ಇದ್ದಿಲು ಕೊಳೆ ಹಿಡಿದಿಟ್ಟುಕೊಳ್ಳೋ ಹಾಗೆ ಅದು ಮೇಲೇರೋ ಬಣ್ಣವನ್ನ ಹಿಡಿದಿಟ್ಟುಕೊಳ್ಳುತ್ತೆ. ಡಿಸ್ಚಾರ್ಜ್ ಅಂತ ಇನ್ನೊಂದಿದೆ, ಬಟ್ಟೆಯ ಬಣ್ಣವನ್ನೇ ಸುಟ್ಟು ತೆಗೆದು ಆ ಜಾಗಕ್ಕೆ ಹೊಸ ಬಣ್ಣ ಕೂರಿಸೋದು, ಆದ್ರೆ ಅದು ಹತ್ತಿಯ ಡೈಯನ್ನ ಮಾತ್ರ ತೆಗೆಯುತ್ತೆ. ಬೆರಕೆಯಲ್ಲಿ ಪಾಲಿಯೆಸ್ಟರು ಕದಲದೇ ಕೂತು ಹಳೇ ಬಟ್ಟೆಯ ಥರ ಮಾಸಲು ಕಾಣುತ್ತೆ. ಅದನ್ನೇ ಸ್ಟೈಲು ಅಂತ ದುಬಾರಿಗೆ ಮಾರೋರಿದ್ದಾರೆ. ಇವೆಲ್ಲವನ್ನೂ ಓದಿ, ಒಂದು ಪಿಡಿಎಫ್ ಮಾಡಿ ಅಣ್ಣನಿಗೆ ವಾಟ್ಸ್‌ಆಪ್ ಮಾಡಿದ್ದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂಗಡಿಗೆ ಹೋಗಿ ಕೂತೆ. ಮಂಡಿಯ ಕಡೆಯಿಂದ ಬಂದ ಒಬ್ಬ ಹಮಾಲಿ ಅಂಗಡಿ ಮುಂದೆ ಹಾದು ಹೋದ. ಮೈ ಮೇಲೆ ನಮ್ಮ ರಾಜ್ಯೋತ್ಸವದ ಕೆಂಪು ಶರ್ಟು, ಎದೆ ಮೇಲೆ ಗುಲಾಬಿ ಅಕ್ಷರ. ಅಷ್ಟು ವರ್ಷ ಬಿಸಿಲಿಗೆ ಬಿದ್ದೂ ಬಟ್ಟೆ ಹರಿದಿರಲಿಲ್ಲ. ಅಣ್ಣ ಆ ಇನ್ನೂರನ್ನೂ ಅಲ್ಲಿ ಹಂಚಿದ್ದನಂತೆ. ಇನ್ನು ತಡೀಲಾರದೇ ಹೇಳಿಬಿಟ್ಟೆ. “ಅಣ್ಣ, ಅವತ್ತು ಕಾಟನ್ ಅಂದೆನಲ್ಲ, ಅದು ಬೆರಕೆ. ನಾನು ನೋಡಿರಲಿಲ್ಲ.”

ಅವನು ಸ್ಕ್ವೀಜಿ ಕೆಳಗಿಟ್ಟ. ನನ್ನ ಟೀ ಶರ್ಟಿನ ಅಂಚಿನಿಂದ ಒಂದು ಎಳೆ ಕಿತ್ತು, ದೇವರ ಪಟದ ಮುಂದಿನ ದೀಪಕ್ಕೆ ಹಿಡಿದ. ಹತ್ತಿಯಾಗಿದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಎಳೆ ಮುದುರಿಕೊಂಡು, ತುದಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಗುಂಡು ಕಟ್ಟಿತು. ಅದನ್ನ ಉಗುರಿನಿಂದ ನನ್ನ ಅಂಗೈಗೆ ಹಾಕಿದ.

“ನೀನು ಕಳಿಸಿದ ಶರ್ಟು ಬಂದ ದಿನವೇ ಸುಟ್ಟು ನೋಡಿದ್ದೆ ಕಣ್ಲಾ” ಅಂದ. “ಇದೂ ಬೆರಕೆನೇ. ಎಷ್ಟು ಕೊಟ್ಟೆ?”

“ಎಂಟುನೂರು.”

ಅವನಿಗೆ ನಗು ಬಂತು. ಆಮೇಲೆ ಸ್ಕ್ರೀನು ಒಣಗ್ತಿದೆ ಅಂತ ನೀರಿನ ಬಾಟಲಿ ಕೈಗೆ ತಗೊಂಡ.